ಅಂಡಾಶಯ, ವೃಷಣ, ಮಾಸು: ಅಲ್ಲಿ ಕೊಲೆಸ್ಟ್ರಾಲ್‌ಗೆ ಏನು ಕೆಲಸ?

(ಉಪನ್ಯಾಸದ ಬರಹ ರೂಪ. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕೊಲೆಸ್ಟ್ರಾಲ್ ಅಂದ ತಕ್ಷಣ ನೆನಪಾಗುವುದು ಹೃದಯ, ರಕ್ತನಾಳ, ಲ್ಯಾಬ್ ರಿಪೋರ್ಟು. ಇವತ್ತು ಆ ಕಡೆ ಹೋಗುವುದಿಲ್ಲ. ಸಸ್ತನಿಗಳ ಅಂಡಾಶಯ, ವೃಷಣ, ಮಾಸು (ಪ್ಲಸೆಂಟಾ), ಆಮೇಲೆ ವೀರ್ಯಾಣು, ಈ ಜಾಗಗಳಲ್ಲಿ ಅದೇ ಕೊಲೆಸ್ಟ್ರಾಲ್ ಏನು ಮಾಡುತ್ತದೆ, ಯಾವ ಕಿಣ್ವಗಳು ಅದನ್ನು ಕತ್ತರಿಸಿ ತಿದ್ದಿ ಬೇರೆ ವಸ್ತುವನ್ನಾಗಿ ಮಾಡುತ್ತವೆ ಅನ್ನುವುದನ್ನು ನೋಡೋಣ. ನನಗೆ ಈ ವಿಷಯ ತುಂಬಾ ಇಷ್ಟ, ಅದಕ್ಕೆ ಕಾರಣವನ್ನೂ ಈಗಲೇ ಹೇಳಿಬಿಡುತ್ತೇನೆ. ರಕ್ತದಲ್ಲಿ ಕೊಲೆಸ್ಟ್ರಾಲ್ ಎಷ್ಟಿದೆ ಅಂತ ನಾವು ಅಳೆಯುತ್ತಲೇ ಇರುತ್ತೇವೆ. ಆದರೆ ಸಂತಾನದ ಅಂಗಗಳಲ್ಲಿ ನಿಜವಾದ ಪ್ರಶ್ನೆ ಬೇರೆ: ಅದು ಹೊತ್ತಿಗೆ ಸರಿಯಾಗಿ ಬೇಕಾದ ಕಡೆಗೆ ತಲುಪಿತಾ?

ಮೊದಲು ಸ್ವಲ್ಪ ಲೆಕ್ಕ. ಕೊಲೆಸ್ಟ್ರಾಲ್ ಅಣುವಿನಲ್ಲಿ 27 ಇಂಗಾಲ. ಅದರ ಬಾಲದಿಂದ ಆರು ಇಂಗಾಲ ಕತ್ತರಿಸಿದರೆ 21 ಇಂಗಾಲದ ಪ್ರೆಗ್ನೆನೊಲೋನ್. ಅದನ್ನು ಸ್ವಲ್ಪ ತಿದ್ದಿದರೆ ಪ್ರೊಜೆಸ್ಟರಾನ್, ಅದರಲ್ಲೂ 21. ಇನ್ನೆರಡು ಇಂಗಾಲ ಹೋದರೆ 19 ಇಂಗಾಲದ ಆಂಡ್ರೋಜನ್‌ಗಳು, ಟೆಸ್ಟೋಸ್ಟೆರಾನ್ ಈ ಗುಂಪಿನದು. ಇನ್ನೂ ಒಂದು ಹೋದರೆ 18 ಇಂಗಾಲದ ಈಸ್ಟ್ರೋಜನ್. ಗಮನಿಸಿ, ಈಸ್ಟ್ರೋಜನ್‌ಗೆ ಬೇರೆ ದಾರಿಯೇ ಇಲ್ಲ, ಮೊದಲು ಆಂಡ್ರೋಜನ್ ಆಗಿಯೇ ಅಲ್ಲಿಗೆ ಹೋಗಬೇಕು. 'ಗಂಡು ಹಾರ್ಮೋನ್', 'ಹೆಣ್ಣು ಹಾರ್ಮೋನ್' ಅಂತ ನಾವು ಗೆರೆ ಎಳೆಯುತ್ತೇವೆ. ಅಂಡಾಶಯ ಮಾತ್ರ ಪ್ರತಿ ತಿಂಗಳೂ ಆಂಡ್ರೋಜನ್ ಮಾಡಿ, ಅದನ್ನೇ ಈಸ್ಟ್ರೋಜನ್ ಮಾಡುತ್ತಾ ಕೂತಿರುತ್ತದೆ. ಮತ್ತೆ ಈ ದಾರಿ ಒಮ್ಮುಖ. ಕತ್ತರಿಸಿದ ಬಾಲವನ್ನು ವಾಪಸ್ ಅಂಟಿಸುವ ಕಿಣ್ವ ನಮ್ಮ ಮೈಯಲ್ಲಿ ಇಲ್ಲ.

ಆ ಮೊದಲ ಕತ್ತರಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ಆ ಕಿಣ್ವದ ಹೆಸರು ಪಿ450 ಎಸ್‌ಸಿಸಿ, ಈಗಿನ ಪಟ್ಟಿಯಲ್ಲಿ ಸಿವೈಪಿ11ಎ1. ಅದು ಇರುವುದು ಮೈಟೋಕಾಂಡ್ರಿಯಾದ ಒಳಪೊರೆಯಲ್ಲಿ. ಒಂದೇ ಏಟಿಗೆ ಬಾಲ ಕತ್ತರಿಸುವುದಿಲ್ಲ. ಮೊದಲು 22ನೇ ಇಂಗಾಲಕ್ಕೆ ಒಂದು ಆಮ್ಲಜನಕ ಸೇರಿಸುತ್ತದೆ, ಆಮೇಲೆ 20ನೆಯದಕ್ಕೆ ಇನ್ನೊಂದು, ಮೂರನೇ ಸುತ್ತಿನಲ್ಲಿ ಆ ಎರಡರ ನಡುವಿನ ಬಂಧ ಮುರಿಯುತ್ತದೆ. ಮೂರೂ ಕೆಲಸ ಒಂದೇ ಕಿಣ್ವದ್ದು, ಕೊಲೆಸ್ಟ್ರಾಲ್ ಅದೇ ಹಿಡಿತದಲ್ಲಿ ಕೂತಿರುವಾಗಲೇ. ಪ್ರತಿ ಸುತ್ತಿಗೂ ಒಂದು ಆಮ್ಲಜನಕ ಅಣು ಬೇಕು, ಎಲೆಕ್ಟ್ರಾನುಗಳು ಬೇಕು. ಎಲೆಕ್ಟ್ರಾನುಗಳನ್ನು ಎನ್‌ಎಡಿಪಿಎಚ್ ಅನ್ನುವ ಪುಟ್ಟ ಅಣುವಿನಿಂದ ತಂದುಕೊಡುವುದು ಅಡ್ರಿನೊಡಾಕ್ಸಿನ್ ಅನ್ನುವ, ಕಬ್ಬಿಣ-ಗಂಧಕ ಇರುವ ಪುಟ್ಟ ಪ್ರೋಟೀನು.

ಈಗ ನಿಜವಾದ ಒಗಟು. ಕೊಲೆಸ್ಟ್ರಾಲ್ ನೀರಿನಲ್ಲಿ ಕರಗುವುದಿಲ್ಲ. ಕತ್ತರಿ ಇರುವುದು ಒಳಪೊರೆಯಲ್ಲಿ. ಹೊರಪೊರೆಗೂ ಒಳಪೊರೆಗೂ ನಡುವೆ ನೀರಿನ ಸಂದು. ಆ ಸಂದು ತೀರಾ ಚಿಕ್ಕದು, ಆದರೂ ಕೊಲೆಸ್ಟ್ರಾಲ್ ತಾನಾಗಿ ದಾಟಿದರೆ ತುಂಬಾ ನಿಧಾನ. ಮೆದುಳಿನ ತಳದ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಹಾರ್ಮೋನು ಬಂದು ವೃಷಣದ ಲೇಡಿಗ್ ಕೋಶಕ್ಕೆ ತಾಗಿದರೆ ಕೆಲವೇ ನಿಮಿಷಗಳಲ್ಲಿ ಟೆಸ್ಟೋಸ್ಟೆರಾನ್ ತಯಾರಿ ಏರುತ್ತದೆ. ಅಷ್ಟು ಬೇಗ ಹೇಗೆ?

1960ರ ದಶಕದಲ್ಲಿ, ಮೂತ್ರಪಿಂಡದ ಮೇಲೆ ಕೂತು ಕೊಲೆಸ್ಟ್ರಾಲಿನಿಂದಲೇ ಹಾರ್ಮೋನ್ ಮಾಡುವ ಅಡ್ರಿನಲ್ ಗ್ರಂಥಿಯ ಮೇಲೆ ನಡೆದ ಪ್ರಯೋಗಗಳಿಂದ ಒಂದು ಸುಳಿವು ಸಿಕ್ಕಿತು. ಕೋಶದಲ್ಲಿ ಹೊಸ ಪ್ರೋಟೀನ್ ತಯಾರಾಗದಂತೆ ತಡೆದರೆ, ಈ ದಿಢೀರ್ ಏರಿಕೆ ನಿಂತೇ ಹೋಗುತ್ತದೆ. ಕತ್ತರಿ ಕಿಣ್ವ ಇದ್ದ ಹಾಗೇ ಇದೆ. ಕೊಲೆಸ್ಟ್ರಾಲ್ ಕೂಡ ಇದೆ, ಮೈಟೋಕಾಂಡ್ರಿಯಾದ ಹೊರಪೊರೆಯವರೆಗೂ ಬಂದು ಅಲ್ಲೇ ನಿಂತಿದೆ. ಸಾಮಾನು ಹೊಸ್ತಿಲವರೆಗೆ ಬಂದು ಅಡಿಗೆಮನೆಗೆ ಹೋಗದಿದ್ದರೆ ಒಲೆ ಉರಿದು ಏನು ಪ್ರಯೋಜನ, ಅಲ್ವಾ? ಇನ್ನೊಂದು ಪರೀಕ್ಷೆ ಇದನ್ನು ಗಟ್ಟಿ ಮಾಡಿತು. 22ನೇ ಇಂಗಾಲಕ್ಕೆ ಮೊದಲೇ ಆಮ್ಲಜನಕ ಸೇರಿಸಿದ ಕೊಲೆಸ್ಟ್ರಾಲ್ ನೀರಿನ ಸಂದನ್ನು ಸಲೀಸಾಗಿ ದಾಟುತ್ತದೆ. ಅದನ್ನು ಕೋಶಗಳಿಗೆ ಕೊಟ್ಟರೆ ಯಾವ ಹೊಸ ಪ್ರೋಟೀನೂ ಬೇಕಿಲ್ಲ, ಪ್ರೆಗ್ನೆನೊಲೋನ್ ತಯಾರಾಗುತ್ತದೆ. ಅಂದರೆ ಕತ್ತರಿ ಚೆನ್ನಾಗಿಯೇ ಇತ್ತು. ತಡೆ ಇದ್ದದ್ದು ದಾಟಿಸುವುದರಲ್ಲಿ. ಇಷ್ಟು ಸರಳವಾದ ಪ್ರಯೋಗ ಇಷ್ಟು ಖಚಿತ ಉತ್ತರ ಕೊಡುವುದು ಅಪರೂಪ. ನನಗೆ ಇವತ್ತಿಗೂ ಅದನ್ನು ಹೇಳುವಾಗ ಖುಷಿಯಾಗುತ್ತದೆ.

ಆ ದಾಟಿಸುವ ಪ್ರೋಟೀನ್ ಕೈಗೆ ಸಿಕ್ಕಿದ್ದು 1994ರಲ್ಲಿ. ಸುಂಡಿಲಿಯ ಲೇಡಿಗ್ ಕೋಶದ ಗಡ್ಡೆಯಿಂದ ಬೆಳೆಸಿದ ಎಂಎ-10 ಕೋಶಗಳಲ್ಲಿ ಡಗ್ಲಸ್ ಸ್ಟಾಕೊ ಮತ್ತು ಬಾರ್ಬರಾ ಕ್ಲಾರ್ಕ್ ಅವರ ತಂಡ ಅದನ್ನು ಶುದ್ಧ ಮಾಡಿ, ಜೀನ್ ಹಿಡಿದು, 'ಸ್ಟಾರ್' ಅಂತ ಹೆಸರಿಟ್ಟಿತು. ತಯಾರಾದಾಗ ಅದರ ತೂಕ 37 ಕಿಲೊಡಾಲ್ಟನ್. ಮೈಟೋಕಾಂಡ್ರಿಯಾದ ಒಳಗೆ ಹೋದಾಗ ತುದಿ ಕತ್ತರಿಸಿಕೊಂಡು 30 ಆಗುತ್ತದೆ. ಒಳಗೆ ಹೋದದ್ದೇ ಕೆಲಸ ಮಾಡುವ ರೂಪ ಅಂತ ಮೊದಲು ಎಲ್ಲರೂ ಅಂದುಕೊಂಡರು. ತಿರುಗಾಮುರುಗಾ. ಸ್ಟಾರ್ ಅನ್ನು ಹೊರಪೊರೆಗೆ ಕಟ್ಟಿಹಾಕಿದರೆ ಅದು ಕೆಲಸ ಮಾಡುತ್ತಲೇ ಇರುತ್ತದೆ, ಒಳಗೆ ಹೋದ ಕೂಡಲೇ ಸುಮ್ಮನಾಗುತ್ತದೆ. ಹೊರಪೊರೆಯ ಮೇಲೆ ಇರುವ ಆ ಕೆಲವು ನಿಮಿಷಗಳೇ ಅದರ ಇಡೀ ಆಯುಷ್ಯದ ಕೆಲಸದ ಹೊತ್ತು. ಅಷ್ಟರಲ್ಲೇ ಒಂದೊಂದು ಸ್ಟಾರ್ ಅಣು ನೂರಾರು ಕೊಲೆಸ್ಟ್ರಾಲ್ ಅಣುಗಳನ್ನು ದಾಟಿಸುತ್ತದೆ. ಹೊಸ ಸ್ಟಾರ್ ಬರುತ್ತಿದ್ದರಷ್ಟೇ ಹಾರ್ಮೋನು ಹರಿಯುತ್ತದೆ. ನಲ್ಲಿ ತಿರುಗಿಸಿದಂತೆ ಅಂತ ಹೇಳುವವರಿದ್ದಾರೆ, ನಾನು ಹಾಗೆ ಹೇಳುವುದಿಲ್ಲ. ಇಲ್ಲಿ ಮುಚ್ಚುವುದಕ್ಕೆ ಯಾರೂ ಬೇಕಿಲ್ಲ, ತೆರೆಯುವ ಪ್ರೋಟೀನು ತಾನೇ ಖಾಲಿಯಾಗುತ್ತದೆ.

ಸ್ಟಾರ್ ಕೆಟ್ಟರೆ ಏನಾಗುತ್ತದೆ ಅನ್ನುವುದನ್ನು ಪ್ರಕೃತಿಯೇ ತೋರಿಸಿದೆ. ಹುಟ್ಟಿನಿಂದಲೇ ಬರುವ ಲಿಪಾಯ್ಡ್ ಅಡ್ರಿನಲ್ ಹೈಪರ್‌ಪ್ಲೇಸಿಯಾ ಅನ್ನುವ ಅಪರೂಪದ ಕಾಯಿಲೆಗೆ ಸ್ಟಾರ್ ಜೀನಿನ ದೋಷವೇ ಕಾರಣ ಅಂತ 1995ರಲ್ಲಿ ಗೊತ್ತಾಯಿತು. ಈ ಮಕ್ಕಳ ಅಡ್ರಿನಲ್ ಕೋಶಗಳಲ್ಲಿ ಕೊಲೆಸ್ಟ್ರಾಲ್ ಹನಿಹನಿಯಾಗಿ ತುಂಬಿ ತುಳುಕುತ್ತಿರುತ್ತದೆ, ಹಾರ್ಮೋನ್ ಮಾತ್ರ ಇಲ್ಲ. ಬದುಕಲು ಬೇಕಾದ ಕಾರ್ಟಿಸಾಲ್ ಕೂಡ ಇಲ್ಲ. ಚಿಕಿತ್ಸೆ ಸಿಗದಿದ್ದರೆ ಮಗು ಉಳಿಯುವುದು ಕಷ್ಟ. ಎಕ್ಸ್‌ವೈ ವರ್ಣತಂತು ಇರುವ ಮಗುವಿನ ವೃಷಣ ಗರ್ಭದಲ್ಲೇ ಟೆಸ್ಟೋಸ್ಟೆರಾನ್ ಮಾಡಬೇಕಿತ್ತು, ಮಾಡಲಾಗಲಿಲ್ಲ, ಹಾಗಾಗಿ ಹೊರಗಿನ ಅಂಗಗಳು ಹೆಣ್ಣಿನಂತೆ ಇರುತ್ತವೆ. ಎಕ್ಸ್‌ಎಕ್ಸ್ ಮಗುವಿನ ಕಥೆ ಇನ್ನೂ ಗಮನ ಸೆಳೆಯುವಂಥದ್ದು. ಗರ್ಭದಲ್ಲಿ ಅಂಡಾಶಯ ಹಾರ್ಮೋನ್ ಮಾಡುವ ಗೋಜಿಗೆ ಹೋಗುವುದಿಲ್ಲವಾದ್ದರಿಂದ ಅಲ್ಲಿ ಕೊಲೆಸ್ಟ್ರಾಲ್ ತುಂಬಿಕೊಳ್ಳುವುದಿಲ್ಲ, ಕೋಶಗಳು ಹಾಳಾಗುವುದಿಲ್ಲ. ಸರಿಯಾದ ಚಿಕಿತ್ಸೆಯಲ್ಲಿ ಬೆಳೆದ ಹುಡುಗಿ ತಾನಾಗಿ ಮೈನೆರೆಯಬಹುದು, ಏಕೆಂದರೆ ಸ್ಟಾರ್ ಇಲ್ಲದೆಯೂ ಸ್ವಲ್ಪ ಕೊಲೆಸ್ಟ್ರಾಲ್ ದಾಟುತ್ತದೆ. ಆದರೆ ಅಲ್ಲಿಂದ ಮುಂದೆ ಪ್ರತಿ ತಿಂಗಳು ಪ್ರಚೋದನೆಗೊಳಗಾದ ಕೋಶಗಳು ಒಂದೊಂದಾಗಿ ಕೊಲೆಸ್ಟ್ರಾಲ್ ತುಂಬಿ ಹಾಳಾಗುತ್ತಾ ಹೋಗುತ್ತವೆ. ಅಂಗ ದುಡಿಯಲು ಶುರು ಮಾಡಿದ ದಿನದಿಂದ ಅದಕ್ಕೆ ಕಷ್ಟ ಶುರು.

ಸರಿ, ಮೈಟೋಕಾಂಡ್ರಿಯಾದ ಹೊಸ್ತಿಲಿಗೆ ಕೊಲೆಸ್ಟ್ರಾಲ್ ಬರುವುದಾದರೂ ಎಲ್ಲಿಂದ? ಕೋಶ ತಾನೇ ಅಸಿಟೇಟಿನಿಂದ ಕಟ್ಟಬಹುದು, ಅದರಲ್ಲಿ ವೇಗವನ್ನು ಹಿಡಿದಿಡುವುದು ಎಚ್‌ಎಂಜಿ ಕೋಎ ರಿಡಕ್ಟೇಸ್ ಅನ್ನುವ ಕಿಣ್ವ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತಡೆಯುವುದು ಇದನ್ನೇ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣವನ್ನು ತನ್ನ ಮೈಮೇಲಿನ ಗ್ರಾಹಕ ಅನ್ನುವ ಪ್ರೋಟೀನಿನಿಂದ ಹಿಡಿದು, ಪೂರ್ತಿ ಒಳಗೆಳೆದುಕೊಂಡು ಒಡೆಯಬಹುದು. ಈ ಎಲ್‌ಡಿಎಲ್ ಗ್ರಾಹಕದ ಕೆಲಸಕ್ಕೇ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರ ನೊಬೆಲ್ ಬಂದದ್ದು. ಇಲ್ಲವೇ ಅಂಥದ್ದೇ ಇನ್ನೊಂದು ಬಗೆಯ, ಎಚ್‌ಡಿಎಲ್ ಕಣವನ್ನು ಎಸ್‌ಆರ್-ಬಿಐ ಗ್ರಾಹಕಕ್ಕೆ ತಾಗಿಸಿಕೊಂಡು, ಕಣವನ್ನು ಒಳಗೆ ಬಿಡದೆ ಅದರೊಳಗಿನ ಕೊಲೆಸ್ಟ್ರಾಲನ್ನಷ್ಟೇ ಇಳಿಸಿಕೊಳ್ಳಬಹುದು. ಹೆಚ್ಚಾದದ್ದಕ್ಕೆ ಕೊಬ್ಬಿನ ಆಮ್ಲ ಅಂಟಿಸಿ ಹನಿಗಳಾಗಿ ಕೂಡಿಡುತ್ತದೆ, ಬೇಕಾದಾಗ ಹಾರ್ಮೋನ್ ಸೆನ್ಸಿಟಿವ್ ಲೈಪೇಸ್ ಅನ್ನುವ ಕಿಣ್ವ ಅದನ್ನು ಬಿಡಿಸುತ್ತದೆ. ಯಾವ ಪ್ರಾಣಿ ಯಾವ ದಾರಿಯನ್ನು ಜಾಸ್ತಿ ನಂಬಿದೆ ಅನ್ನುವುದು ಬೇರೆ ಬೇರೆ. ಇಲಿ, ಸುಂಡಿಲಿಗಳ ಅಂಡಾಶಯಕ್ಕೆ ಎಚ್‌ಡಿಎಲ್ ಮುಖ್ಯ, ಮನುಷ್ಯರಲ್ಲಿ ಎಲ್‌ಡಿಎಲ್. ಇಲಿಯಲ್ಲಿ ಕಂಡದ್ದನ್ನೆಲ್ಲ ಮನುಷ್ಯರ ಮೇಲೆ ಹಾಗೇ ಹೊರಿಸುವವರು ಇದನ್ನು ನೆನಪಿಡಬೇಕು.

ಅಂಡಾಶಯಕ್ಕೆ ಬರೋಣ. ಬೆಳೆಯುತ್ತಿರುವ ಫಾಲಿಕಲ್ (ಅಂಡಾಣುವನ್ನು ಸುತ್ತುವರಿದ ಚೀಲ) ಒಂದನ್ನು ಅಡ್ಡ ಕೊಯ್ದು ನೋಡಿದರೆ ಹೊರಗೆ ಥೀಕಾ ಕೋಶಗಳು, ಅಲ್ಲಿ ರಕ್ತನಾಳ ಉಂಟು. ಒಂದು ತೆಳು ಪೊರೆ ದಾಟಿದರೆ ಒಳಗೆ ಗ್ರಾನ್ಯುಲೋಸಾ ಕೋಶಗಳು, ಅಲ್ಲಿ ರಕ್ತನಾಳವೇ ಇಲ್ಲ. ಥೀಕಾ ಎಲ್‌ಎಚ್‌ನ ಮಾತು ಕೇಳಿ ಕೊಲೆಸ್ಟ್ರಾಲಿನಿಂದ ಆಂಡ್ರೋಜನ್ ಮಾಡುತ್ತದೆ. ಅದು ಪೊರೆ ದಾಟಿ ಒಳಗೆ ಬಂದರೆ ಗ್ರಾನ್ಯುಲೋಸಾ ಪಿಟ್ಯುಟರಿಯ ಇನ್ನೊಂದು ಹಾರ್ಮೋನಾದ ಎಫ್‌ಎಸ್‌ಎಚ್‌ನ ಮಾತು ಕೇಳಿ ಅರೋಮಟೇಸ್ ಕಿಣ್ವದಿಂದ ಅದನ್ನು ಈಸ್ಟ್ರೋಜನ್ ಮಾಡುತ್ತದೆ. ಎರಡು ಕೋಶ, ಒಂದು ಹಾರ್ಮೋನು. ಅಂಡ ಬಿಡುಗಡೆಗೆ ಕೊಡುವ ಲೆಟ್ರೊಜೋಲ್ ಮಾತ್ರೆ ತಡೆಯುವುದು ಇದೇ ಅರೋಮಟೇಸನ್ನು. ಈಸ್ಟ್ರೋಜನ್ ಇಳಿದಾಗ ಮೆದುಳು ಎಫ್‌ಎಸ್‌ಎಚ್ ಏರಿಸುತ್ತದೆ, ಫಾಲಿಕಲ್ ಬೆಳೆಯುತ್ತದೆ.

ಗ್ರಾನ್ಯುಲೋಸಾ ತಾನೇ ಕೊಲೆಸ್ಟ್ರಾಲಿನಿಂದ ಯಾಕೆ ಶುರು ಮಾಡುವುದಿಲ್ಲ? ಒಂದು ದೊಡ್ಡ ಕಾರಣ, ಸಿಗುವುದಿಲ್ಲ. ಎಲ್‌ಡಿಎಲ್ ಕಣದ ಅಡ್ಡಳತೆ ಸುಮಾರು 20 ನ್ಯಾನೊಮೀಟರ್ ದಾಟುತ್ತದೆ, ಆ ಪೊರೆಯಲ್ಲಿ ತೂರುವುದಿಲ್ಲ. ಅದರ ಅರ್ಧದಷ್ಟು ಇರುವ ಎಚ್‌ಡಿಎಲ್ ತೂರುತ್ತದೆ. ಫಾಲಿಕಲ್ ದ್ರವ ತೆಗೆದು ನೋಡಿದರೆ ಎಚ್‌ಡಿಎಲ್ ಇದೆ, ಎಲ್‌ಡಿಎಲ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆಮೇಲೆ ಎಲ್‌ಎಚ್ ಜಿಗಿಯುತ್ತದೆ, ಫಾಲಿಕಲ್ ಒಡೆದು ಅಂಡ ಹೊರಬರುತ್ತದೆ, ಪೊರೆ ಹರಿಯುತ್ತದೆ, ರಕ್ತನಾಳಗಳು ಒಳಗೆ ನುಗ್ಗುತ್ತವೆ. ಎಲ್‌ಡಿಎಲ್ ನೇರವಾಗಿ ಕೋಶದ ಮೈಗೆ ಬಂದು ಬೀಳುತ್ತದೆ. ಅದೇ ಕೋಶಗಳು ಈಗ ಕಾರ್ಪಸ್ ಲ್ಯೂಟಿಯಮ್. ಸ್ಟಾರ್ ಏರುತ್ತದೆ, ಕತ್ತರಿ ಕಿಣ್ವ ಏರುತ್ತದೆ. ಕೆಲವೇ ಗ್ರಾಂ ತೂಕದ ಈ ಮುದ್ದೆ ಮಹಿಳೆಯರಲ್ಲಿ ದಿನಕ್ಕೆ 25 ಮಿಲಿಗ್ರಾಂ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಪ್ರೊಜೆಸ್ಟರಾನ್ ಸುರಿಸುತ್ತದೆ. ರಕ್ತದ ಕೊಲೆಸ್ಟ್ರಾಲ್ ಮಟ್ಟ ಮೊನ್ನೆಯೂ ಅಷ್ಟೇ, ಇವತ್ತೂ ಅಷ್ಟೇ. ಬದಲಾದದ್ದು ಅದು ತಲುಪುವ ದಾರಿ.

ಮುಗಿಸುವುದೂ ಹಾಗೆಯೇ. ಗರ್ಭ ನಿಲ್ಲದಿದ್ದರೆ ಹಸು, ಕುರಿಗಳಲ್ಲಿ ಗರ್ಭಕೋಶವೇ ಪ್ರೊಸ್ಟಗ್ಲಾಂಡಿನ್ ಎಫ್2 ಆಲ್ಫಾ ಕಳಿಸಿ ಕಾರ್ಪಸ್ ಲ್ಯೂಟಿಯಮ್ ಕರಗಿಸುತ್ತದೆ, ಅದರ ಬೆನ್ನಿಗೇ ಹಸು ಮತ್ತೆ ಬೆದೆಗೆ ಬರುತ್ತದೆ. ಗರ್ಭಕೋಶ ತೆಗೆದರೆ ಕಾರ್ಪಸ್ ಲ್ಯೂಟಿಯಮ್ ತುಂಬಾ ದಿನ ಉಳಿಯುತ್ತದೆ ಅಂತ ಗಿನಿ ಇಲಿಗಳಲ್ಲಿ ಲಿಯೊ ಲೋಬ್ 1923ರಲ್ಲೇ ತೋರಿಸಿದ್ದರು. ಪ್ರೊಸ್ಟಗ್ಲಾಂಡಿನ್ ಬಂದಾಗ ಸ್ಟಾರ್ ಇಳಿಯುತ್ತದೆ, ಕೊಲೆಸ್ಟ್ರಾಲ್ ದಾಟುವುದು ನಿಲ್ಲುತ್ತದೆ. ಇಲಿಗಳು ಇನ್ನೊಂದು ಉಪಾಯವನ್ನೂ ಇಟ್ಟುಕೊಂಡಿವೆ: 20 ಆಲ್ಫಾ ಹೈಡ್ರಾಕ್ಸಿ ಸ್ಟೆರಾಯ್ಡ್ ಡಿಹೈಡ್ರೋಜಿನೇಸ್ ಅನ್ನುವ ಕಿಣ್ವ ಏರಿಸಿ, ತಯಾರಾದ ಪ್ರೊಜೆಸ್ಟರಾನನ್ನು ಅಲ್ಲಲ್ಲೇ ಕೆಲಸಕ್ಕೆ ಬಾರದ ರೂಪಕ್ಕೆ ತಿರುಗಿಸುತ್ತವೆ. ಹೆರಿಗೆ ಹತ್ತಿರ ಬಂದಾಗ ಅವುಗಳಲ್ಲಿ ಆಗುವುದೂ ಇದೇ.

ಇನ್ನು ಅಂಡಾಣು. ಇಷ್ಟೆಲ್ಲ ಗದ್ದಲದ ನಡುವೆ ಇರುವ ಅದು ತಾನು ಮಾತ್ರ ಕೊಲೆಸ್ಟ್ರಾಲ್ ಸರಿಯಾಗಿ ಕಟ್ಟಲಾರದು. ಸುಂಡಿಲಿಯ ಅಂಡಾಣುವಿನಲ್ಲಿ ಅದಕ್ಕೆ ಬೇಕಾದ ಕಿಣ್ವಗಳು ತೀರಾ ಕಡಿಮೆ. ಹಾಗಾಗಿ ಅದು ಬಿಎಂಪಿ15, ಜಿಡಿಎಫ್9 ಅನ್ನುವ ಪ್ರೋಟೀನು ಬಿಟ್ಟು ಸುತ್ತಲಿನ ಕ್ಯುಮುಲಸ್ ಕೋಶಗಳಿಗೆ 'ನೀವು ಕಟ್ಟಿಕೊಡಿ' ಅನ್ನುತ್ತದೆ, ಅವು ಕಟ್ಟಿಕೊಡುತ್ತವೆ. 2008ರಲ್ಲಿ ಬಂದ ಈ ಫಲಿತಾಂಶ ಓದಿದ ಮೇಲೆ ಅಂಡಾಣುವನ್ನು ಸುಮ್ನೆ ಕೂತು ಆರೈಕೆ ಮಾಡಿಸಿಕೊಳ್ಳುವ ಕೋಶ ಅಂತ ನೋಡಲು ನನ್ನಿಂದ ಆಗಿಲ್ಲ. ಕಡಿಮೆಯಾದರೆ ತೊಂದರೆ, ಜಾಸ್ತಿಯಾದರೂ ತೊಂದರೆ. ಎಸ್‌ಆರ್-ಬಿಐ ಜೀನ್ ತೆಗೆದ ಹೆಣ್ಣು ಸುಂಡಿಲಿಗಳ ರಕ್ತದಲ್ಲಿ ದೊಡ್ಡ ಗಾತ್ರದ, ಸರಿಯಿಲ್ಲದ ಎಚ್‌ಡಿಎಲ್ ತುಂಬಿಕೊಳ್ಳುತ್ತದೆ, ಅವು ಬಂಜೆಯಾಗುತ್ತವೆ. ಅಂಡ ಬಿಡುಗಡೆಯಾಗುತ್ತದೆ. ಆದರೆ ಅದರಲ್ಲಿ ಕೊಲೆಸ್ಟ್ರಾಲ್ ಜಾಸ್ತಿ, ವೀರ್ಯಾಣು ತಾಗುವ ಮೊದಲೇ ತಾನಾಗಿ ಚಾಲೂ ಆಗಿಬಿಟ್ಟಿರುತ್ತದೆ. ಪ್ರೊಬ್ಯುಕಾಲ್ ಅನ್ನುವ ಔಷಧಿಯಿಂದ ರಕ್ತದ ಕೊಲೆಸ್ಟ್ರಾಲ್ ಇಳಿಸಿದರೆ ಅವೇ ಸುಂಡಿಲಿಗಳು ಮರಿ ಹಾಕುತ್ತವೆ. ಅಂಡಾಶಯದಲ್ಲಿ ಆ ಗ್ರಾಹಕ ಈಗಲೂ ಇಲ್ಲ ಅನ್ನುವುದನ್ನು ಮರೆಯಬೇಡಿ.

ಮಾಸಿನ ವಿಚಾರ ಬೇರೆಯೇ. ಮನುಷ್ಯರಲ್ಲಿ ಗರ್ಭದ ಎರಡು ತಿಂಗಳ ಹೊತ್ತಿಗೆ ಪ್ರೊಜೆಸ್ಟರಾನ್ ಕೆಲಸವನ್ನು ಕಾರ್ಪಸ್ ಲ್ಯೂಟಿಯಮ್‌ನಿಂದ ಮಾಸು ವಹಿಸಿಕೊಳ್ಳುತ್ತದೆ. ದಿನ ತುಂಬುವಾಗ ದಿನಕ್ಕೆ 250 ಮಿಲಿಗ್ರಾಂ ಆಸುಪಾಸು ತಯಾರಿ, ಅದೂ ಬಹುಪಾಲು ತಾಯಿಯ ಎಲ್‌ಡಿಎಲ್‌ನಿಂದ. ಮತ್ತೆ ಮಾಸಿನಲ್ಲಿ ಸ್ಟಾರ್ ಇಲ್ಲ! ಅಲ್ಲಿ ದಿಢೀರ್ ಏರಿಳಿತ ಬೇಕಿಲ್ಲ, ಹಗಲೂ ರಾತ್ರಿ ಒಂದೇ ಸಮ ನಡೆಯಬೇಕು, ಅದಕ್ಕೆ ಬೇರೆ ಸಾಗಣೆ ಪ್ರೋಟೀನುಗಳು ಸಾಕು. ಸ್ಟಾರ್ ದೋಷ ಇರುವ ಮಗು ಒಂಬತ್ತು ತಿಂಗಳು ಗರ್ಭದಲ್ಲಿ ಉಳಿಯುವುದು ಇದರಿಂದಲೇ.

ಮನುಷ್ಯರ ಮಾಸಿಗೆ ಇನ್ನೊಂದು ಕೊರತೆ ಇದೆ. 21 ಇಂಗಾಲವನ್ನು 19 ಮಾಡುವ ಸಿವೈಪಿ17 ಕಿಣ್ವ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಈಸ್ಟ್ರೋಜನ್ ಮಾಡಬೇಕಾದರೆ 19 ಇಂಗಾಲದ್ದು ಬೇಕಲ್ಲ? ಅದನ್ನು ಮಗುವಿನ ಅಡ್ರಿನಲ್ ಗ್ರಂಥಿ ಸಲ್ಫೇಟ್ ಅಂಟಿಸಿ ಕಳಿಸುತ್ತದೆ, ಮಾಸು ಸಲ್ಫೇಟ್ ಬಿಡಿಸಿ ಈಸ್ಟ್ರೋಜನ್ ಮಾಡುತ್ತದೆ. ಒಂದು ಹಾರ್ಮೋನಿಗೆ ಎರಡು ಜೀವಗಳ ಅಂಗಗಳು ಬೇಕು. ಕುರಿಯಲ್ಲಿ ಇದೇ ಕಿಣ್ವ ಹೆರಿಗೆಯ ಸೂಚನೆಯೂ ಹೌದು. ದಿನ ತುಂಬಿದ ಮರಿಯ ಕಾರ್ಟಿಸಾಲ್ ಏರಿದಾಗ ಮಾಸಿನಲ್ಲಿ ಸಿವೈಪಿ17 ಚುರುಕಾಗುತ್ತದೆ, ಪ್ರೊಜೆಸ್ಟರಾನ್ ಖರ್ಚಾಗಿ ಈಸ್ಟ್ರೋಜನ್ ಏರುತ್ತದೆ, ನೋವು ಶುರುವಾಗುತ್ತದೆ. ಯಾವಾಗ ಹುಟ್ಟಬೇಕು ಅಂತ ಹೇಳುವುದು ಮರಿಯೇ. ಇದರ ಮೂಲ ಪ್ರಯೋಗಗಳನ್ನು ನ್ಯೂಜಿಲೆಂಡಿನಲ್ಲಿ ಗ್ರಹಾಂ ಲಿಗಿನ್ಸ್ 1960ರ ದಶಕದಲ್ಲಿ ಮಾಡಿದರು.

ವೃಷಣದ ಬಗ್ಗೆ ಆಗಲೇ ಅರ್ಧ ಹೇಳಿಯಾಗಿದೆ. ಒಂದು ಮಾತು ಸೇರಿಸುತ್ತೇನೆ. ಹಾರ್ಮೋನ್ ಸೆನ್ಸಿಟಿವ್ ಲೈಪೇಸ್ ಇಲ್ಲದ ಗಂಡು ಸುಂಡಿಲಿಗಳಲ್ಲಿ ವೀರ್ಯಾಣುವೇ ಬೆಳೆಯುವುದಿಲ್ಲ. ಕೂಡಿಟ್ಟದ್ದನ್ನು ಬಿಡಿಸಿ ಕೊಡುವ ಕಿಣ್ವ ಇಲ್ಲದಿದ್ದರೆ ಕೂಡಿಟ್ಟದ್ದು ಇದ್ದೂ ಇಲ್ಲದ ಹಾಗೆ.

ವೀರ್ಯಾಣುವಿನಲ್ಲಿ ಎಲ್ಲವೂ ತಲೆಕೆಳಗು. ಇಲ್ಲಿ ಕೊಲೆಸ್ಟ್ರಾಲ್ ಬಂದರಲ್ಲ, ಹೋದರೆ ಕೆಲಸ. ಸ್ಖಲನವಾದ ವೀರ್ಯಾಣುವನ್ನು ನೇರವಾಗಿ ಅಂಡದ ಪಕ್ಕ ಬಿಟ್ಟರೆ ಅದು ಅಂಡವನ್ನು ಫಲಿಸಲಾರದು. ಹೆಣ್ಣಿನ ಜನನನಾಳದಲ್ಲಿ ಕೆಲವು ಗಂಟೆ ಕಳೆದಿರಬೇಕು. 1951ರಲ್ಲಿ ಮಿನ್ ಚುಎ ಚಾಂಗ್ ಮತ್ತು ಕಾಲಿನ್ ಆಸ್ಟಿನ್ ಇದನ್ನು ಬೇರೆ ಬೇರೆಯಾಗಿ ಕಂಡುಹಿಡಿದರು. 1959ರಲ್ಲಿ ಚಾಂಗ್ ದೇಹದ ಹೊರಗೆ ಮೊಲದ ಅಂಡಗಳನ್ನು ಫಲಿಸಿ ಮರಿ ಪಡೆದದ್ದು ಹಾಗೆ ಹದಗೊಂಡ ವೀರ್ಯಾಣು ಬಳಸಿಯೇ. ಆ ಹದದ ತಿರುಳು ಏನು ಅಂತ ಆಮೇಲೆ ತಿಳಿಯಿತು. ಅಲ್ಬುಮಿನ್‌ನಂಥ ಪ್ರೋಟೀನುಗಳು ವೀರ್ಯಾಣುವಿನ ಪೊರೆಯಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತವೆ, ಪೊರೆ ಸಡಿಲವಾಗುತ್ತದೆ, ಬೈಕಾರ್ಬನೇಟ್, ಕ್ಯಾಲ್ಸಿಯಂ ಒಳಗೆ ಬಂದು ಒಳಗಿನ ಕಿಣ್ವಗಳನ್ನು ಎಬ್ಬಿಸುತ್ತವೆ, ಬಾಲದ ಹೊಡೆತ ಬದಲಾಗುತ್ತದೆ. ಅಲ್ಬುಮಿನ್ ಬದಲಿಗೆ ಸೈಕ್ಲೊಡೆಕ್ಸ್‌ಟ್ರಿನ್ ಅನ್ನುವ ಸಕ್ಕರೆಯ ಬಳೆ ಹಾಕಿದರೂ ಇದೇ ನಡೆಯುತ್ತದೆ, ಏಕೆಂದರೆ ಆ ಬಳೆಯೂ ಕೊಲೆಸ್ಟ್ರಾಲ್ ಎಳೆಯುತ್ತದೆ.

ಇದನ್ನೇ ಉಲ್ಟಾ ಮಾಡಿದರೆ? ಹೋರಿಯ ವೀರ್ಯವನ್ನು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಇಡುತ್ತಾರೆ. ಹೋರಿ, ಟಗರು, ಗಂಡು ಹಂದಿಯ ವೀರ್ಯಾಣುವಿನ ಪೊರೆಯಲ್ಲಿ ಕೊಲೆಸ್ಟ್ರಾಲ್ ಕಡಿಮೆ, ಚಳಿಯ ಏಟಿಗೆ ಬೇಗ ಒಡೆಯುತ್ತದೆ. ಮನುಷ್ಯ, ಮೊಲಗಳಲ್ಲಿ ಜಾಸ್ತಿ, ತಡೆಯುತ್ತದೆ. ಹಾಗಾಗಿ ಸೈಕ್ಲೊಡೆಕ್ಸ್‌ಟ್ರಿನ್ ಬಳೆಯೊಳಗೆ ಕೊಲೆಸ್ಟ್ರಾಲ್ ತುಂಬಿ, ಹೆಪ್ಪುಗಟ್ಟಿಸುವ ಮೊದಲು ಹೋರಿಯ ವೀರ್ಯಕ್ಕೆ ಬೆರೆಸಿ ನೋಡಿದರು. ಕರಗಿಸಿದಾಗ ಓಡಾಡುವ ವೀರ್ಯಾಣುಗಳು ಜಾಸ್ತಿ ಉಳಿದವು. ಆದರೆ ಹೀಗೆ ತುಂಬಿದ್ದನ್ನು ಮುಂದೆ ಅದು ಕಳೆದುಕೊಳ್ಳಲೇಬೇಕು, ಅದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ಅಳತೆ ನೋಡಿಯೇ ಹಾಕಬೇಕು.

ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಎರಡಕ್ಕೆ ಇಲ್ಲಿ ಉತ್ತರ ಬರೆಯುತ್ತೇನೆ. ಕೊಲೆಸ್ಟ್ರಾಲ್ ಜಾಸ್ತಿ ತಿಂದರೆ ಟೆಸ್ಟೋಸ್ಟೆರಾನ್ ಜಾಸ್ತಿಯಾಗುತ್ತದಾ? ಆರೋಗ್ಯವಾಗಿರುವವರಲ್ಲಿ ಇಲ್ಲ. ಗಂಡಸಿನ ದೇಹ ದಿನಕ್ಕೆ ಮಾಡುವ ಟೆಸ್ಟೋಸ್ಟೆರಾನ್ ಕೆಲವೇ ಮಿಲಿಗ್ರಾಂ. ರಕ್ತದಲ್ಲಿ ಓಡಾಡುವ ಕೊಲೆಸ್ಟ್ರಾಲ್ ಗ್ರಾಂಗಳ ಲೆಕ್ಕದ್ದು. ಎಷ್ಟು ತಯಾರಾಗಬೇಕು ಅಂತ ನಿರ್ಧರಿಸುವುದು ಎಲ್‌ಎಚ್, ಅದು ಏರಿಸುವ ಸ್ಟಾರ್.

ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿರುವಾಗ ಗರ್ಭಿಣಿಯಾದರೆ? ಮಗುವಿಗೆ ಅಂಗ ಬೆಳೆಯಲು ಕೊಲೆಸ್ಟ್ರಾಲ್ ಬೇಕೇ ಬೇಕು, ಅದಕ್ಕೇ ಈ ಮಾತ್ರೆಗಳನ್ನು ಗರ್ಭಿಣಿಯರಿಗೆ ಕೊಡಲೇಬಾರದು ಅಂತ ಬಹಳ ವರ್ಷ ಬರೆದಿತ್ತು. 2021ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ತೆಗೆಯಲು ಹೇಳಿತು. ಹಾಗಂತ ಎಲ್ಲರೂ ಮುಂದುವರಿಸಬಹುದು ಅಂತಲ್ಲ. ಹೆಚ್ಚಿನವರು ಗರ್ಭ ಗೊತ್ತಾದ ಕೂಡಲೇ ನಿಲ್ಲಿಸಬೇಕು ಅಂತಲೇ ಈಗಲೂ ಸಲಹೆ. ಹೃದಯದ ಅಪಾಯ ತುಂಬಾ ಇರುವ ಕೆಲವರಿಗೆ ಮಾತ್ರ ವೈದ್ಯರು ನೋಡಿ ಮುಂದುವರಿಸಬಹುದು. ಗೊತ್ತಿಲ್ಲದೆ ಕೆಲವು ವಾರ ನುಂಗಿದ್ದರೆ ಗಾಬರಿಯಾಗಬೇಡಿ, ನಿಮ್ಮ ವೈದ್ಯರಿಗೆ ಹೇಳಿ.